ಅಜ್ಜಿ ‘ತೀರಿಕೊಂಡರು’ ಎಂದೋ, ‘ಹೋಗಿಬಿಟ್ಟಳು’ ಎಂದೋ: ಪದ್ಯಕ್ಕೆ ಪದ ಆರಿಸುವ ಬಗೆ

ಪದ್ಯಕ್ಕೆ ಪದ ಹುಡುಕುವಾಗ ಮೊದಲು ಕೇಳಿಕೊಳ್ಳಿ: ಈ ಮಾತನ್ನು ಯಾರು, ಯಾರ ಹತ್ತಿರ, ಎಲ್ಲಿ ನಿಂತು ಆಡುತ್ತಾರೆ? ಪದದ ಅರ್ಥ ನಿಘಂಟಿನಲ್ಲಿ ಸಿಕ್ಕೀತು. ಅದು ಬೆಳೆದ ಮನೆ, ಓಡಾಡಿದ ಬೀದಿ ಅಲ್ಲಿ ಸಿಗುವುದಿಲ್ಲ. ಪದ್ಯದ ಭಾವ ಹುಟ್ಟುವುದು ಬಹುಪಾಲು ಅಲ್ಲಿಂದಲೇ.

ನಾನು ತೀರ್ಥಹಳ್ಳಿ ಕಡೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮಕ್ಕಳು ಬರೆದು ತರುವುದರಲ್ಲಿ ಸಾವಿನ ಪದ್ಯಗಳೇ ಹೆಚ್ಚು: ಅಜ್ಜ, ಅಜ್ಜಿ, ಕೆಲವೊಮ್ಮೆ ಕೊಟ್ಟಿಗೆಯ ಕರು. ಹಾಗಾಗಿ ಸಾವಿನ ಮಾತುಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಒಂದು ಹಾಳೆಯಲ್ಲಿ ನಿಮಗೆ ಗೊತ್ತಿರುವ ಮಾತುಗಳನ್ನೆಲ್ಲ ಬರೆಯಿರಿ. ನಿಧನರಾದರು, ಕಾಲವಾದರು, ತೀರಿಕೊಂಡರು, ಲಿಂಗೈಕ್ಯರಾದರು, ಅಗಲಿದರು, ಹೋಗಿಬಿಟ್ಟಳು, ಸತ್ತಳು. ಪ್ರತಿಯೊಂದರ ಎದುರು ಅದನ್ನು ಆಡುವವರನ್ನು ಬರೆಯಿರಿ. ‘ನಿಧನ’ ಪತ್ರಿಕೆಯ ಒಳಪುಟದ್ದು, ಪಕ್ಕದಲ್ಲಿ ಫೋಟೊ ಇರುತ್ತದೆ. ‘ಕಾಲವಾದರು’ ಹಿರಿಯರು ಬರೆಯುತ್ತಿದ್ದ ಕಾಗದದ್ದು. ‘ತೀರಿಕೊಂಡರಂತೆ’ ಎಂದು ಬೇಲಿಯಾಚೆಯಿಂದ ಹೇಳುವವರು ನೆರೆಮನೆಯವರು. ‘ಹೋಗಿಬಿಟ್ಲು’ ಎನ್ನುವುದು ಹಾಸಿಗೆ ಪಕ್ಕದಲ್ಲಿ ಕೂತಿದ್ದ ಮಗಳು. ‘ಸತ್ತಳು’ ಎಂದು ಬರಿಮೈಯಲ್ಲಿ ನಿಲ್ಲುವ ಮಾತನ್ನು ದೊಡ್ಡವರು ಬಾಯಿಗೆ ತರುವುದಿಲ್ಲ, ಮಗು ತರುತ್ತದೆ. ಆದ್ದರಿಂದ ಪದ್ಯದಲ್ಲಿ ಮಾತಾಡುವವರು ಯಾರೆಂದು ಗೊತ್ತಾಗುವವರೆಗೆ ಪದ ಆರಿಸಬೇಡಿ. ಮೊಮ್ಮಗ ಮಾತಾಡುವ ಪದ್ಯದಲ್ಲಿ ‘ನಿಧನ’ ಬಂದರೆ ಅವನು ಎದ್ದು ಹೋಗಿ ವರದಿಗಾರ ಬಂದು ಕೂರುತ್ತಾನೆ.

ಈಗ ಒಂದು ಪದ್ಯವನ್ನು ತಿದ್ದೋಣ. ಉದಾಹರಣೆಗೆಂದು ನಾನೇ ಕಟ್ಟಿದ್ದು:

ಅಜ್ಜಿ, ನೀನಿಲ್ಲದೆ ಗೃಹವು ಶೂನ್ಯ,
ನಯನದಲಿ ನಿತ್ಯ ಅಶ್ರುಧಾರೆ.

ಅಜ್ಜಿ ಯಾವತ್ತಾದರೂ ‘ಗೃಹ’ದಲ್ಲಿದ್ದಳೇ? ಅವಳಿದ್ದದ್ದು ಮನೆಯಲ್ಲಿ, ಅದರಲ್ಲೂ ಅಡುಗೆಮನೆಯಲ್ಲಿ. ‘ಶೂನ್ಯ’ ಎನ್ನುವುದು ಬರೆದವರ ತೀರ್ಮಾನ. ಅದನ್ನು ಓದುಗರಿಗೇ ಬಿಟ್ಟು, ಖಾಲಿಯಾದದ್ದನ್ನು ಕಾಣಿಸಿ:

ಅಜ್ಜಿ ಹೋದ ಮೇಲೆ
ಒಲೆಯ ಬೂದಿಯಲ್ಲಿ ಬೆಕ್ಕು
ಮುದುಡಿ ಮಲಗಿದೆ.

ಒಲೆಯಲ್ಲಿ ಬೆಕ್ಕು ಮಲಗಿದೆ ಎಂದರೆ ಒಲೆ ಉರಿದಿಲ್ಲ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಣ್ಣೀರಿನ ಮಾತೇ ಬರಲಿಲ್ಲ. ‘ಮುದುಡಿ’ ಎಂಬುದು ಬೆಕ್ಕಿನ ಮೇಲಿದ್ದರೂ ಮನೆಯವರ ಮೈಗೆ ತಾಗುತ್ತದೆ. ಅದರ ಜಾಗದಲ್ಲಿ ‘ಹಾಯಾಗಿ’ ಎಂದು ಹಾಕಿ ನೋಡಿ. ಚಿತ್ರ ಅದೇ, ಆದರೆ ಚಳಿ ಹೋಗಿ ಒಂಥರಾ ಕ್ರೌರ್ಯ ಬಂತು. ಅಜ್ಜಿ ಹೋದದ್ದು ಬೆಕ್ಕಿಗೆ ಒಳ್ಳೆಯದಾಯಿತೆಂಬಂತೆ! ಅದೂ ಒಂದು ಪದ್ಯವೇ. ನಿಮಗೆ ಯಾವುದು ಬೇಕೆಂದು ನೀವೇ ನಿರ್ಧರಿಸಬೇಕು.

ಸಂಸ್ಕೃತ ಪದ ಬೇಡವೆಂದು ನಾನು ಹೇಳುತ್ತಿಲ್ಲ. ಮುಳಗುಂದದ ನಯಸೇನ 1112ರಲ್ಲಿ ಬರೆದ ಧರ್ಮಾಮೃತದಲ್ಲಿ, ಅಚ್ಚಗನ್ನಡಕ್ಕೆ ಸಂಸ್ಕೃತ ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗಲ್ಲವೇ ಎಂದು ಕೇಳಿದ. ಅಲಂಕಾರಕ್ಕೆಂದು ಬೆರೆಸುವವರಿಗೆ ಆ ಪ್ರಶ್ನೆ ಇವತ್ತಿಗೂ ಸರಿ. ಆದರೆ ಬೇಕೆಂದೇ ಬೆರೆಸಿದಾಗ ಅದರ ಪೆಟ್ಟು ಬೇರೆ:

ಹತ್ತನೇ ದಿನ
ನನ್ನಜ್ಜಿಯನ್ನು ಭಟ್ಟರು
‘ಪ್ರೇತ’ ಎಂದು ಕರೆದರು.

ಉತ್ತರಕ್ರಿಯೆಯಲ್ಲಿ ಅದು ಶಾಸ್ತ್ರದ ಮಾತು, ಭಟ್ಟರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಮೊಮ್ಮಗಳ ಕಿವಿಗೆ ಮಾತ್ರ ಅದು ದೆವ್ವದ ಕತೆಯ ಪದ. ಸುತ್ತಲೂ ಮನೆಮಾತಿದ್ದುದರಿಂದಲೇ ಆ ಒಂದು ಪದ ಚುಚ್ಚುತ್ತದೆ. ಇದನ್ನು ಒಂದು ಪದ್ಯದಲ್ಲಿ ಒಂದೇ ಸಲ ಮಾಡಿ.

ಇನ್ನು ವಾತಾವರಣ. ‘ಮಳೆ ಬರುತ್ತಿತ್ತು’ ಎಂದರೆ ಮಲೆನಾಡಿನಲ್ಲಿ ಏನೂ ಹೇಳಿದಂತಾಗಲಿಲ್ಲ. ಯಾವ ಮಳೆ? ‘ಸೋನೆ’ ಎಂದು ಬಾಯಿಬಿಟ್ಟು ಹೇಳಿ: ಮೊದಲ ಅಕ್ಷರ ಎಳೆಯುತ್ತದೆ, ‘ನ’ಕಾರ ಮೆತ್ತಗೆ ಇಳಿಯುತ್ತದೆ, ದಿನವಿಡೀ ನಿಲ್ಲದ ಮಳೆಯ ಬೇಸರ ಆ ಎಳೆತದಲ್ಲೇ ಇದೆ. ‘ಜಡಿ’ಯಲ್ಲಿ ಎರಡೂ ಲಘು, ನಡುವೆ ‘ಡ’ಕಾರದ ಹೊಡೆತ. ಹೆಂಚಿನ ಮೇಲೆ ಬೀಳುವ ಸದ್ದು. ‘ಆರಿದ್ರಾ’ ಎಂದರೆ ಜೂನ್ ಕೊನೆಯ ಕತ್ತಲು, ಗದ್ದೆ ಕೆಲಸ, ಒಣಗದ ಬಟ್ಟೆ ಎಲ್ಲ ಒಟ್ಟಿಗೆ ಬರುತ್ತವೆ. ಬಯಲುಸೀಮೆಯವರು ಬರೆಯುವಾಗ ಈ ಪದಗಳನ್ನು ಎರವಲು ತರಬೇಡಿ. ನಿಮ್ಮ ಊರಿನ ಮಳೆಗೆ, ಬಿಸಿಲಿಗೆ, ಧೂಳಿಗೆ ನಿಮ್ಮದೇ ಮಾತುಗಳಿವೆ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಸಾಲನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿ ನೋಡಿ. ಮಗುವನ್ನು ಕಳೆದುಕೊಂಡ ಅಪ್ಪ ಅಮ್ಮನ ಮುಂದೆ ಧಾರವಾಡದ ಆಡುಮಾತು ಮಾಡುವ ಕೆಲಸ ಏನೆಂದು ಆಗ ತಿಳಿಯುತ್ತದೆ.

ಕ್ರಿಯಾಪದವನ್ನು ಕೊನೆಯಲ್ಲಿ ತಿದ್ದಿ. ‘ಬರಲಿಲ್ಲ’ ಸುದ್ದಿ, ‘ಬರಲೇ ಇಲ್ಲ’ ಕಾದವರ ಮಾತು, ‘ಬಾರದೆ ಹೋದಳು’ ಎನ್ನುವಾಗ ಕಾಯುವುದೂ ಮುಗಿದಿದೆ. ಮೂರನ್ನೂ ಪದ್ಯದೊಳಗೆ ಇಟ್ಟು ಓದಿ, ನಾಲಿಗೆ ಎಲ್ಲಿ ತಡೆಯುತ್ತದೋ ನೋಡಿ.

ಹೆಸರಿಡುವಾಗಲೂ ಎಚ್ಚರ. ‘ಅಗಲಿಕೆ’, ‘ನೆನಪು’ ಎಂದು ಮೇಲೆ ಬರೆದುಬಿಟ್ಟರೆ ಕೆಳಗಿನ ಸಾಲುಗಳಿಗೆ ಕೆಲಸವೇ ಉಳಿಯುವುದಿಲ್ಲ. ಮೇಲಿನ ಪದ್ಯಕ್ಕಾದರೆ ನಾನು ‘ಬೆಕ್ಕು’ ಎಂದಷ್ಟೇ ಇಡುತ್ತೇನೆ.