ನಿಮ್ಮ ಹಳೇ ಗೇಮ್ ಗ್ಯಾಂಗಿನ ಚರಿತ್ರೆ ಬರೆಯೋದು ಹೆಂಗ?

ಅಟ್ಟದ ಮೇಲಿನ ಹಳೇ ಕಂಪ್ಯೂಟರ್ ಇಳಿಸಿದ ಕೂಡಲೇ ಪ್ಲಗ್ ಹಚ್ಚಬೇಡಿ. ಉಳಿದದ್ದೆಲ್ಲ ಆಮೇಲೆ. ಹದಿನೈದು-ಇಪ್ಪತ್ತು ವರ್ಷ ಮಲಗಿದ್ದ ಹಾರ್ಡ್ ಡಿಸ್ಕ್ ಒಮ್ಮೆ ತಿರುಗಿದರೂ ಮತ್ತೊಮ್ಮೆ ತಿರುಗೀತು ಅನ್ನುವ ಖಾತ್ರಿ ಇಲ್ಲ. ಆ ಒಂದು ಸಲವನ್ನು ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ ನೋಡಲಿಕ್ಕೆ ಕಳೆಯಬೇಡಿ. ಡಿಸ್ಕ್ ಬಿಚ್ಚಿ, ಐಡಿಇ ಕನ್ವರ್ಟರ್ (ಹಳೇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಸಾಧನ) ಹಾಕಿ ಈಗಿನ ಲ್ಯಾಪ್‌ಟಾಪಿಗೆ ಜೋಡಿಸಿ, ಮೊದಲು ಪೂರ್ತಿ ಕಾಪಿ ತೆಗೆಯಿರಿ. ನಾನು ಗಡಿಬಿಡಿ ಮಾಡಿದೆ. ನಾಲ್ಕರಲ್ಲಿ ಒಂದು ಡಿಸ್ಕ್ ಟಕ್ ಟಕ್ ಅಂದು ಸುಮ್ಮನಾಯಿತು. ಅದರೊಳಗೆ ಒಂದಿಡೀ ವರ್ಷದ ಆಟಗಳಿದ್ದವು.

ನಾನು 2004ರಿಂದ 2011ರ ತನಕ ಹುಬ್ಬಳ್ಳಿ ವಿದ್ಯಾನಗರದಲ್ಲಿ ಹತ್ತು ಕಂಪ್ಯೂಟರಿನ ಕೆಫೆ ಇಟ್ಟವನು. ಬೋರ್ಡಿನ ಮೇಲೆ ಇಂಟರ್‌ನೆಟ್, ಪ್ರಿಂಟೌಟ್ ಅಂತ ಬರೆಸಿದ್ದರೂ ಬಾಡಿಗೆ ಕಟ್ಟಿದ್ದು ಏಜ್ ಆಫ್ ಎಂಪೈರ್ಸ್ 2 ಅನ್ನುವ, ಸಾಮ್ರಾಜ್ಯ ಕಟ್ಟಿ ಯುದ್ಧ ಮಾಡುವ ಕಂಪ್ಯೂಟರ್ ಆಟ. ಎಂಟು ಮಂದಿ ಆಡೋರು, ಹತ್ತು ಮಂದಿ ಕುರ್ಚಿ ಹಿಂದೆ ನಿಂತು ಬುದ್ಧಿ ಹೇಳೋರು. ಕೆಫೆ ಮುಚ್ಚಿದ ಮೇಲೆ ಹುಡುಗರು ಬೆಂಗಳೂರು, ಪುಣೆ ಅಂತ ಚದುರಿದರು. ಆಟ ಗೇಮ್‌ರೇಂಜರ್, ವೂಬ್ಲಿ ಅನ್ನುವ ಆನ್‌ಲೈನ್ ಆಟದ ತಾಣಗಳ ಮೇಲೆ ನಡೆಯಿತು. ಹೋದ ದೀಪಾವಳಿಗೆ ವಾಟ್ಸಾಪ್ ಗುಂಪಿನಲ್ಲಿ ಧಾರವಾಡದವರು "ಗ್ಯಾಂಗ್ ಹುಟ್ಟಿದ್ದ ನಮ್ಮ ಸಪ್ತಾಪುರದಾಗ" ಅಂದರು. ಹುಬ್ಬಳ್ಳಿಯವರು ಬಿಟ್ಟಾರೇ? ಎರಡು ದಿನ ಕಿತ್ತಾಡಿ, ಕಡೆಗೆ "ಅಣ್ಣಾ, ನೀವ ಬರೀರಿ" ಅಂತ ನನ್ನ ಕೊರಳಿಗೆ ಕಟ್ಟಿದರು. ನಿಮ್ಮ ಗ್ಯಾಂಗ್ ಗದಗಿನದಿರಲಿ, ಹಾವೇರಿಯದಿರಲಿ, ನಾನು ಬಿದ್ದು ಎದ್ದು ಕಂಡುಕೊಂಡ ದಾರಿ ಉಪಯೋಗಕ್ಕೆ ಬಂದೀತು.

ಒಂದು ನೋಟ್‌ಬುಕ್ ತಂದು ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಆಟದ ಇಸವಿ, ಬಲಕ್ಕೆ ನಿಮ್ಮ ಇಸವಿ. ಎಡಗಡೆಯದು ಅರ್ಧ ತಾಸಿನ ಕೆಲಸ. 1999ರಲ್ಲಿ ಮೂಲ ಆಟ ದಿ ಏಜ್ ಆಫ್ ಕಿಂಗ್ಸ್, 2000ದಲ್ಲಿ ಅದರ ವಿಸ್ತರಣೆ ದಿ ಕಾಂಕರರ್ಸ್. 2009ರಲ್ಲಿ ಆಟ ಮಾಡಿದ ಎನ್‌ಸೆಂಬಲ್ ಸ್ಟುಡಿಯೋಸೇ ಬಾಗಿಲು ಹಾಕಿತು. ಆಟವೂ ಅಲ್ಲಿಗೇ ಮುಗಿಯುತ್ತಿತ್ತು, ಅಭಿಮಾನಿಗಳು ಬಿಡಲಿಲ್ಲ. ತಾವೇ ಹೊಸ ಸಾಮ್ರಾಜ್ಯಗಳನ್ನು ಸೇರಿಸಿ 2012ರಲ್ಲಿ ಫಾರ್ಗಾಟನ್ ಎಂಪೈರ್ಸ್ ಅಂತ ಪುಕ್ಕಟೆ ಹಂಚಿದರು. ಮರುವರ್ಷ ಅದೇ ಅಧಿಕೃತವಾಗಿ ಅಂಗಡಿಗೆ ಬಂತು. 2019ರಲ್ಲಿ ಆಟದ ಹೊಸ ಆವೃತ್ತಿ, ಡೆಫಿನಿಟಿವ್ ಎಡಿಷನ್. 2022ರ ಏಪ್ರಿಲ್‌ನಲ್ಲಿ ಅದರ ವಿಸ್ತರಣೆ ಡೈನಾಸ್ಟೀಸ್ ಆಫ್ ಇಂಡಿಯಾ, ಅದರಲ್ಲಿ ಆಡಲಿಕ್ಕೆ ಹೊಸ ಸಾಮ್ರಾಜ್ಯವಾಗಿ ದ್ರಾವಿಡರು.

ಬಲಗಡೆ ಇದನ್ನೇ ನಕಲು ಹೊಡೆದರೆ ಕೆಲಸ ಕೆಟ್ಟಿತು. 2000ದ ಕಾಂಕರರ್ಸ್ ನನ್ನ ಕೆಫೆಗೆ ಬಂದದ್ದು 2004ರಲ್ಲಿ, ಮಾರ್ಕರ್ ಪೆನ್ನಿನಿಂದ ಹೆಸರು ಬರೆದ ಸಿಡಿಯಲ್ಲಿ. 2022ರ ಎದುರಿಗೆ ನಾನು ಬರೆದಿರುವುದು ಇಷ್ಟೇ: ಆಟದಲ್ಲಿ ದ್ರಾವಿಡರಿಗೆ ಕೊಟ್ಟ ವೂಟ್ಸ್ ಸ್ಟೀಲ್ ಅನ್ನುವ ತಂತ್ರ ನೋಡಿ ಗದಗಿನವನೊಬ್ಬ ರಾತ್ರಿ ಒಂದಕ್ಕೆ "ನಮ್ಮ ಉಕ್ಕು ಬಂತಲೇ" ಅಂತ ಮೆಸೇಜ್ ಹಾಕಿದ. ವೂಟ್ಸ್ ಅನ್ನುವ ಪದ ಕನ್ನಡದ ಉಕ್ಕಿನಿಂದ ಹುಟ್ಟಿತೆಂದು ಹೇಳುವ ವಿದ್ವಾಂಸರಿದ್ದಾರೆ; ಅವನಿಗೆ ಅದು ಹೇಗೋ ಗೊತ್ತಿತ್ತು.

ಇನ್ನು ಸಾಕ್ಷಿ ಹುಡುಕುವುದು. ಆಟದ ಫೋಲ್ಡರಿನೊಳಗೆ ಸೇವ್‌ಗೇಮ್ ಅಂತ ಒಂದಿರುತ್ತದೆ. ಆಡುವ ಮುಂಚೆ ರೆಕಾರ್ಡ್ ಗೇಮ್ ಅನ್ನುವ ಚೌಕಕ್ಕೆ ಟಿಕ್ ಹಾಕಿದವರ ಆಟ ಮಾತ್ರ ಅಲ್ಲಿ ಉಳಿದಿರುತ್ತದೆ. ಕಾಂಕರರ್ಸ್ ರೆಕಾರ್ಡಿಂಗ್ ಆದರೆ ಹೆಸರಿನ ಕೊನೆಗೆ ಎಂಜಿಎಕ್ಸ್. ಹೆಸರಿನಲ್ಲೇ ಇಸವಿ, ತಿಂಗಳು, ತಾರೀಖು, ತಾಸು, ನಿಮಿಷ ಸಾಲಾಗಿ ಇರುತ್ತವೆ. ಹೊಸ ಡೆಫಿನಿಟಿವ್ ಎಡಿಷನ್‌ನಲ್ಲಿ ಇವು ಓಡುವುದಿಲ್ಲ, ಅದೇ ಹಳೇ ಕಾಂಕರರ್ಸ್, ಅದೇ ಪ್ಯಾಚ್ (ಆಗ ಹಾಕಿದ್ದ ತಿದ್ದುಪಡಿ) ಬೇಕು. ಕಾಪಿ ಮಾಡಿದಾಗ ಫೈಲಿನ 'ಕ್ರಿಯೇಟೆಡ್' ತಾರೀಖು ಇವತ್ತಿನದಾಗುತ್ತದೆ, ಅದನ್ನು ನಂಬಬೇಡಿ, 'ಮಾಡಿಫೈಡ್' ನೋಡಿ.

ಅದನ್ನೂ ಪೂರ್ತಿ ನಂಬಬೇಡಿ. ನನ್ನ ನಾಲ್ಕನೇ ನಂಬರ್ ಮಷಿನ್ನಿನ ಮದರ್‌ಬೋರ್ಡಿನ ಗುಂಡು ಸೆಲ್ ಸತ್ತಿತ್ತು. ರಾತ್ರಿ ಮೇನ್ ಸ್ವಿಚ್ ಆರಿಸಿದರೆ ಬೆಳಿಗ್ಗೆ ಅದಕ್ಕೆ ಮತ್ತೆ 2002ರ ಜನವರಿ 1. ಹಂಗಾಗಿ ಕೆಫೆ ತೆರೆಯುವುದಕ್ಕೆ ಎರಡು ವರ್ಷ ಮೊದಲೇ ನಾವು ಮೂವತ್ತೊಂದು ಆಟ ಆಡಿದ್ದೇವೆ, ಎಲ್ಲವೂ ಹೊಸವರ್ಷದ ದಿನ! ಎಸೆಯಬೇಕು ಅಂತಿದ್ದೆ. ಆಮೇಲೆ ಒಂದೊಂದೇ ಓಡಿಸಿದೆ, ಯಾಕಂದರೆ ರೆಕಾರ್ಡಿಂಗಿನಲ್ಲಿ ಆಡುವವರ ಚಾಟ್ ಕೂಡ ಉಳಿಯುತ್ತದೆ. ಬಹಳಷ್ಟು ಬರೀ ನಂಬರು. ಈ ಆಟದಲ್ಲಿ 3 ಒತ್ತಿದರೆ ಊಟ ಕೊಡು, 4 ಅಂದರೆ ಕಟ್ಟಿಗೆ ಕೊಡು, 14 ಅಂದರೆ ಲಗೂ ಶುರು ಮಾಡು, 11 ಅಂದರೆ ಗಹಗಹಿಸುವ ನಗು. ನಮ್ಮ ಗುಂಪಿನಲ್ಲಿ ಇವತ್ತಿಗೂ ಯಾರಾದರೂ ಜೋಕ್ ಹಾಕಿದರೆ ಉಳಿದವರು 11 ಅಂತ ಬರೆಯುತ್ತಾರೆ. ಅವರ ಹೆಂಡಂದಿರಿಗೆ ಅದೇನೆಂದು ತಿಳಿಯದು. ಆ ನಂಬರುಗಳ ನಡುವೆ, ಬ್ಲ್ಯಾಕ್ ಫಾರೆಸ್ಟ್ ಮ್ಯಾಪಿನ ಒಂದು ಆಟದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು: "ಧೋನಿ 148 ಔಟ್ ಲೇ". ವಿಶಾಖಪಟ್ಟಣದಲ್ಲಿ ಪಾಕಿಸ್ತಾನದ ಮೇಲೆ ಧೋನಿ 148 ಹೊಡೆದದ್ದು 2005ರ ಏಪ್ರಿಲ್ 5. ತಾರೀಖು ಸಿಕ್ಕಿತಲ್ಲ! ಆ ಆಟದಲ್ಲಿ ಹುಬ್ಬಳ್ಳಿಯ ಐವರು, ಧಾರವಾಡದ ಮೂವರು ಇದ್ದರು.

ಇದ್ದರು ಅಂತ ಹೇಳಲಿಕ್ಕೂ ಕಷ್ಟಪಟ್ಟೆ. ಕೆಫೆಯಲ್ಲಿ ಆಟದ ಹೆಸರು ಮಷಿನ್ನಿನದು, ಮನುಷ್ಯನದಲ್ಲ. ಒಬ್ಬ ಬರೆದಿಟ್ಟ 'ಕಿಂಗ್' ಅನ್ನುವ ಹೆಸರಿನಲ್ಲೇ ಆಮೇಲೆ ಕೂತವರೆಲ್ಲ ಆಡಿದ್ದಾರೆ. ಯಾರು ಎಂದು ತಿಳಿಯಲು ಕೆಫೆಯ ಸಹಿ ರಿಜಿಸ್ಟರ್ ಬೇಕಾಯಿತು. ಅದನ್ನು ಗೆದ್ದಲು ತಿನ್ನದೆ ಬಿಟ್ಟದ್ದು ನನ್ನ ಪುಣ್ಯ. ನಿಮ್ಮ ಕೆಫೆಯವರು ಇನ್ನೂ ಇದ್ದರೆ ಹೋಗಿ ಕೇಳಿ, ಆದರೆ ಅದರ ಪುಟದ ಫೋಟೋ ಎಲ್ಲಿಯೂ ಹಾಕಬೇಡಿ. ಮಂದಿಯ ವಿಳಾಸ, ಫೋನ್ ನಂಬರ್ ಅದರಲ್ಲಿರುತ್ತವೆ.

ಫೇಸ್‌ಬುಕ್ಕಿನಂಥ ಹಳೇ ತಾಣ ಆರ್ಕುಟ್‌ನಲ್ಲಿ ಇದ್ದದ್ದು 2014ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆದರೆ ಅದು ಕಳಿಸುತ್ತಿದ್ದ ಮೇಲ್‌ಗಳು ಹಳೇ ಇನ್‌ಬಾಕ್ಸಿನಲ್ಲಿ ಇನ್ನೂ ಕೂತಿರುತ್ತವೆ. ಹುಡುಕುವಾಗ ಊರಿನ ಹೆಸರನ್ನು 'ಹುಬ್ಬಳ್ಳಿ' ಎಂಬ ಈಗಿನ ಇಂಗ್ಲಿಷ್ ಕಾಗುಣಿತದಲ್ಲಿ ಹೊಡೆದರೆ ಏನೂ ಸಿಗದು. ಅದು ಬದಲಾದದ್ದೇ 2014ರ ನವೆಂಬರ್ 1ಕ್ಕೆ. ಹಳೇ 'ಹುಬ್ಲಿ' ಹೊಡೆಯಿರಿ.

ಮಂದಿಯ ಹತ್ತಿರ ಕೊನೆಗೆ ಹೋಗಿ, ಕೈಯಲ್ಲಿ ಕಾಗದ ಹಿಡಿದುಕೊಂಡು. "ಯಾವ ವರ್ಷ?" ಅಂತ ಕೇಳಬೇಡಿ, ಎಲ್ಲರೂ 2003 ಅನ್ನುತ್ತಾರೆ. ಧಾರವಾಡದಿಂದ ಹೆಂಗ ಬರ್ತಿದ್ರಿ ಅಂತ ಕೇಳಿ. ಬೇಂದ್ರೆ ಬಸ್ಸು (ಎರಡೂ ಊರಿನ ನಡುವೆ ಓಡುವ ಖಾಸಗಿ ಬಸ್ಸು), ಉಣಕಲ್ ಹತ್ತಿರ ನಿಂತು ಬಂದದ್ದು ಅಂದರೆ ಸರಿ. ಒಬ್ಬ ಪುಣ್ಯಾತ್ಮ ಚಿಗರಿಯಲ್ಲಿ, ಅಂದರೆ ಬಿಆರ್‌ಟಿಎಸ್ ಬಸ್ಸಿನಲ್ಲಿ, ಬರ್ತಿದ್ದೆ ಅಂದ. ಚಿಗರಿ ಓಡಲಿಕ್ಕೆ ಹತ್ತಿದ್ದು 2018ರಲ್ಲಿ, ನನ್ನ ಕೆಫೆ ಮುಚ್ಚಿ ಏಳು ವರ್ಷಕ್ಕೆ. ಸುಳ್ಳು ಹೇಳಿದನೆಂದಲ್ಲ, ನೆನಪು ಹಂಗೇ ಬೆರೆಯುತ್ತದೆ. ಅವನ ಎದುರಿಗೆ ಪ್ರಶ್ನಾರ್ಥಕ ಹಾಕಿ ಮುಂದೆ ಹೋದೆ.

ಹೆಸರು ಹಾಕುವ ಮುಂಚೆ ಪ್ರತಿಯೊಬ್ಬರನ್ನೂ ಕೇಳಲೇಬೇಕು. ಬ್ಯಾಂಕಿನಲ್ಲಿರುವ ಒಬ್ಬ ಕೈ ಮುಗಿದ: "ಅಣ್ಣಾ, ನಾ ಆಗ ಟ್ಯೂಷನ್‌ದಾಗ ಇದ್ದೆ ಅಂತ ನಮ್ಮವ್ವ ಇನ್ನೂ ನಂಬ್ಯಾಳ." ನನ್ನ ಚರಿತ್ರೆಯಲ್ಲಿ ಅವನು 'ಕಿಂಗ್' ಅಷ್ಟೇ.

ಜಗಳ ಏನಾಯಿತು ಅಂದಿರೋ? 2005ರ ಏಪ್ರಿಲ್ 5ಕ್ಕೆ ಎರಡೂ ಊರಿನವರು ಒಂದೇ ಆಟದಲ್ಲಿದ್ದರು ಅಂತ ಬರೆದೆ, ಅದಕ್ಕೂ ಹಿಂದಿನ ಸಾಲು ಖಾಲಿ ಬಿಟ್ಟೆ. ಮೊನ್ನೆ ಸಪ್ತಾಪುರದವನ ಫೋನ್ ಬಂತು. "ಅಣ್ಣಾ, ನಮ್ಮ ಕಂಪ್ಯೂಟರ್ ಸಿಕ್ತು, ಅಟ್ಟದ ಮ್ಯಾಲಿತ್ತು. ಈಗ ಹಚ್ಚಿ ನೋಡತೇನಿ."

"ಮಾರಾಯಾ, ಹಚ್ಚಬ್ಯಾಡ! ಕನ್ವರ್ಟರ್ ತಗೊಂಡು ನಾನ ಬರ್ತೀನಿ" ಅಂದೆ. ಐತವಾರ ಹೋಗುವವನಿದ್ದೇನೆ.