ಗಂಟಲ ಆಪರೇಷನ್ ಆದ ಮೇಲೆ ಮನೆಯಲ್ಲಿ: ನೋವಿದ್ದರೂ ನುಂಗುತ್ತಿರಿ

ಸ್ಲೀಪ್ ಅಪ್ನಿಯಾಗೆ, ಅಂದರೆ ನಿದ್ದೆಯಲ್ಲಿ ಉಸಿರು ಪದೇ ಪದೇ ತಡೆಯುವ ತೊಂದರೆಗೆ, ಗಂಟಲ ಆಪರೇಷನ್ ಮಾಡಿಸಿಕೊಂಡರೆ ಆಸ್ಪತ್ರೆಯಲ್ಲಿ ಇರಬೇಕಾದದ್ದು ಸ್ವಲ್ಪ ಕಾಲ. ಮುಖ್ಯ ಕೆಲಸವೆಲ್ಲ ಮನೆಗೆ ಬಂದ ಮೇಲೆ. ನನಗೆ ಮಾಡಿದ್ದು ಯುಪಿಪಿಪಿ ಅಂತ ಕರೆಯುವ ಆಪರೇಷನ್. ಎರಡೂ ಟಾನ್ಸಿಲ್ ತೆಗೆದು, ಕಿರುನಾಲಿಗೆಯನ್ನು ಗಿಡ್ಡ ಮಾಡಿ, ಅಂಗುಳದ ಹಿಂದಿನ ಮೆತ್ತನೆಯ ಭಾಗವನ್ನು ಬಿಗಿ ಮಾಡಿ ಹೊಲಿಯುತ್ತಾರೆ. ನಿದ್ದೆಯಲ್ಲಿ ಕುಸಿದು ಉಸಿರನ್ನು ತಡೆಯುವ ಜಾಗ ಅದೇ. ಅಮೆರಿಕದಲ್ಲಿ ಫುಜಿಟಾ ಎಂಬ ವೈದ್ಯರು 1981ರಲ್ಲಿ ಸ್ಲೀಪ್ ಅಪ್ನಿಯಾಗೆ ಈ ಚಿಕಿತ್ಸೆಯನ್ನು ಪರಿಚಯಿಸಿದರು. ಮಾಸ್ಕ್ ಮೂಲಕ ಗಾಳಿ ಒತ್ತಿ ನಿದ್ದೆಯಲ್ಲಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರದ ಬಗ್ಗೆ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಬರೆದದ್ದೂ ಅದೇ ವರ್ಷ. ನನಗೆ ಸಿಪ್ಯಾಪ್ ಮಾಸ್ಕ್ ಒಗ್ಗಲೇ ಇಲ್ಲ. ಟಾನ್ಸಿಲ್ ಬಹಳ ದಪ್ಪ ಇದ್ದಿದ್ದರಿಂದ ಆಪರೇಷನ್ನಿಂದ ಅನುಕೂಲ ಆಗುವ ಸಾಧ್ಯತೆ ಜಾಸ್ತಿ ಅಂತ ಇಎನ್‌ಟಿ ಡಾಕ್ಟರ್ ಹೇಳಿದರು. ಒಪ್ಪಿಕೊಂಡೆ.

ನೋವು ಇರುತ್ತದೆ. ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಎಂಜಲು ನುಂಗಿದರೂ ಕಣ್ಣಲ್ಲಿ ನೀರು ಬರುತ್ತದೆ. ಆಗ ಮನಸ್ಸು ಏನು ಹೇಳುತ್ತದೆ ಅಂದರೆ, ಸುಮ್ನೆ ಏನನ್ನೂ ನುಂಗದೆ ಇದ್ದುಬಿಡೋಣ ಅಂತ. ಆ ಮಾತು ಕೇಳಬಾರದು. ನುಂಗದಿದ್ದರೆ ಗಂಟಲು ಒಣಗುತ್ತದೆ. ಒಣಗಿದರೆ ನೋವು ಹೆಚ್ಚುತ್ತದೆ. ನೋವು ಹೆಚ್ಚಿದರೆ ಇನ್ನೂ ಕಡಿಮೆ ಕುಡಿಯುತ್ತೇವೆ. ಈ ಸುಳಿಯಲ್ಲಿ ಸಿಕ್ಕಿಕೊಂಡವರು ಡ್ರಿಪ್ ಹಾಕಿಸಿಕೊಳ್ಳಲು ಮತ್ತೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಮನೆಯಲ್ಲಿ ನಾವು ಮಾಡಿದ್ದೆಲ್ಲ ಈ ಒಂದು ವಿಷಯದ ಸುತ್ತಲೇ ಇತ್ತು.

ಮೊದಲು ಔಷಧಿ. ನೋವು ಬಂದ ಮೇಲೆ ಕುಡಿಯುವುದಲ್ಲ, ಗಡಿಯಾರ ನೋಡಿ ಕುಡಿಯುವುದು. ಡಾಕ್ಟರ್ ಪ್ಯಾರಾಸಿಟಮಾಲ್ ಸಿರಪ್ ಬರೆದುಕೊಟ್ಟಿದ್ದರು. ಅದನ್ನು ಹೇಳಿದ ಹೊತ್ತಿಗೆ ಸರಿಯಾಗಿ, ರಾತ್ರಿ ಅಲಾರಂ ಇಟ್ಟುಕೊಂಡೂ ತೆಗೆದುಕೊಂಡೆ. ಕುಡಿದು ಅರ್ಧ ಗಂಟೆ ಬಿಟ್ಟರೆ ಗಂಟಲು ಕೊಂಚ ಸಡಿಲ ಆಗುತ್ತದೆ. ಊಟ ಮಾಡಲು ಅದೇ ಹೊತ್ತು. ದೊಡ್ಡವರಿಗೆ ಒಂದು ದಿನಕ್ಕೆ ಪ್ಯಾರಾಸಿಟಮಾಲ್ 4 ಗ್ರಾಂ ದಾಟಬಾರದು. ಶೀತದ ಮಾತ್ರೆಗಳಲ್ಲೂ ಅದೇ ಇರುತ್ತದೆ, ಆ ಲೆಕ್ಕವೂ ಸೇರಬೇಕು. ನೋವು ತಡೆಯಲಾಗುತ್ತಿಲ್ಲ ಅಂತ ಮನೆಯಲ್ಲಿದ್ದ ಬೇರೆ ಮಾತ್ರೆ ನುಂಗುವುದು ಬೇಡವೇ ಬೇಡ. ಆಸ್ಪಿರಿನ್ ರಕ್ತ ಸೋರುವುದನ್ನು ಹೆಚ್ಚಿಸಬಹುದು. ಟ್ರಮಡಾಲ್‌ನಂಥ ಬಲವಾದ ನೋವಿನ ಔಷಧಿ, ನಿದ್ದೆ ಮಾತ್ರೆ, ಮದ್ಯ, ಇವು ಉಸಿರಾಟವನ್ನೇ ಮಂದ ಮಾಡುತ್ತವೆ. ಗಂಟಲು ಊದಿಕೊಂಡಿರುವ ಅಪ್ನಿಯಾ ರೋಗಿಗೆ ಅದು ಪ್ರಾಣಕ್ಕೇ ಅಪಾಯ.

ಆಮೇಲೆ ನೀರು. ಚೊಂಬು ಹಿಡಿದು ಗಟಗಟ ಕುಡಿಯಲು ಆಗುವುದಿಲ್ಲ. ಒಂದೊಂದೇ ಗುಟುಕು, ಆದರೆ ದಿನವಿಡೀ. ನನ್ನ ಹೆಂಡತಿ ಪಕ್ಕದಲ್ಲೇ ಲೋಟ ಇಟ್ಟುಕೊಂಡು "ರೀ, ಇನ್ನೊಂದು ಗುಟುಕು" ಅನ್ನುತ್ತಲೇ ಇದ್ದಳು. ನಮ್ಮದು ತಿಪಟೂರು, ಎಳನೀರಿಗೆ ಬರವಿಲ್ಲ. ಊರಿಂದ ಯಾರು ಬಂದರೂ ಎಳನೀರು ತಂದರು. ಮೂತ್ರ ಕಡು ಹಳದಿ ಆಗಿದ್ದರೆ ಕುಡಿದದ್ದು ಸಾಲದು ಅಂತ ಅರ್ಥ.

ತಣ್ಣಗಿದ್ದದ್ದು ಹಿತ. ಇದಕ್ಕೆ ಅಮ್ಮನನ್ನು ಒಪ್ಪಿಸುವುದೇ ಕಷ್ಟ ಆಯಿತು. "ಗಂಟಲು ಕೊಯ್ಸಿಕೊಂಡು ಬಂದಿದೀಯ, ಫ್ರಿಜ್ಜಿನ ನೀರು ಕುಡಿತೀಯಲ್ಲೋ!" ಅಂತ ಅವರಿಗೆ ಸಂಕಟ. ಬಿಸಿ ಬಿಸಿ ಮೆಣಸಿನ ಸಾರು ಕುಡಿಸಬೇಕೆಂಬ ಆಸೆ. ಬಿಸಿ ಮತ್ತು ಖಾರ ಎರಡೂ ಹಸಿ ಗಾಯಕ್ಕೆ ಕೆಟ್ಟದ್ದು ಅಂತ ಡಾಕ್ಟರೇ ಫೋನಿನಲ್ಲಿ ಹೇಳಿದ ಮೇಲೆ ರಾಗಿ ಸರಿ ಮಾಡಿ, ಪೂರ್ತಿ ಆರಿಸಿ, ಹಾಲು ಬೆರೆಸಿ ಕೊಟ್ಟರು. ನನ್ನನ್ನು ಉಳಿಸಿದ್ದು ಅದೇ ಅಂತ ಈಗಲೂ ಅನ್ನಿಸುತ್ತದೆ. ಆಮೇಲೆ ಗಂಜಿ, ನುಣ್ಣಗೆ ಕಿವುಚಿದ ಅನ್ನಕ್ಕೆ ಹುಳಿಯಿಲ್ಲದ ಮೊಸರು, ಹಾಲಿನಲ್ಲಿ ನೆನೆಸಿದ ಇಡ್ಲಿ, ಐಸ್‌ಕ್ರೀಂ. ನಿಂಬೆ, ಕಿತ್ತಳೆ, ಹುಳಿ ಮಜ್ಜಿಗೆ ಉರಿಯುತ್ತವೆ. ಚಕ್ಕುಲಿ, ಟೋಸ್ಟ್, ಒಗ್ಗರಣೆಯ ಸಾಸಿವೆ, ಕರಿಬೇವು ಕೂಡ ಚುಚ್ಚುತ್ತವೆ. ತೂಕ ಇಳಿಯುತ್ತದೆ, ಗಾಬರಿ ಬೇಡ.

ಯಾರೂ ಮೊದಲೇ ಹೇಳದಿದ್ದರೆ ಹೆದರಿಸುವ ಸಂಗತಿಗಳು ಕೆಲವು ಇವೆ. ಕನ್ನಡಿಯಲ್ಲಿ ನೋಡಿದರೆ ಟಾನ್ಸಿಲ್ ಇದ್ದ ಜಾಗದಲ್ಲಿ ಬಿಳಿಯ ಪೊರೆ ಕಾಣುತ್ತದೆ. ಅದು ಕೀವಲ್ಲ, ಗಾಯ ಮಾಯುವ ರೀತಿಯೇ ಹಾಗೆ. ಬಾಯಿ ವಾಸನೆ ಬರುತ್ತದೆ. ಕಿವಿ ನೋಯುತ್ತದೆ, ಆದರೆ ಕಿವಿಯಲ್ಲಿ ಏನೂ ಆಗಿರುವುದಿಲ್ಲ. ಗಂಟಲಿಗೂ ಕಿವಿಗೂ ಹೋಗುವ ನರ ಒಂದೇ, ಅಷ್ಟೇ. ನೀರು ಕುಡಿದರೆ ಮೂಗಿನಿಂದ ಬರಬಹುದು. ನನಗೂ ಬಂತು. ತಲೆ ನೆಟ್ಟಗೆ ಇಟ್ಟು, ಸಣ್ಣ ಗುಟುಕು ತೆಗೆದುಕೊಂಡರೆ ಕಡಿಮೆ ಆಗುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ನಿಂತುಹೋಗುತ್ತದೆ.

ನೋವು ದಿನದಿಂದ ದಿನಕ್ಕೆ ಇಳಿಯುತ್ತದೆ ಅಂದುಕೊಂಡರೆ ನಿರಾಸೆ ಆಗುತ್ತದೆ. 5ರಿಂದ 10ನೇ ದಿನದ ನಡುವೆ ಆ ಪೊರೆ ಕಳಚುತ್ತದೆ. ಆಗ ನೋವು ಮತ್ತೆ ಏರುತ್ತದೆ. ರಕ್ತ ಬರುವ ಭಯ ಜಾಸ್ತಿ ಇರುವುದೂ ಆಗಲೇ. ಅದಕ್ಕೇ ನಾವು ಊರಿಗೆ ಹೋಗದೆ ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲೇ ಉಳಿದೆವು. ರಾತ್ರಿ ಹೊತ್ತಿನಲ್ಲೂ ಇಎನ್‌ಟಿ ಡಾಕ್ಟರ್ ಸಿಗುವ ಆಸ್ಪತ್ರೆ ಹತ್ತಿರ ಇರಬೇಕು, ಇದರಲ್ಲಿ ರಾಜಿ ಬೇಡ. ಎಂಜಲಿನಲ್ಲಿ ಸಣ್ಣ ಕೆಂಪು ಗೆರೆ ಕಂಡರೂ ಡಾಕ್ಟರಿಗೆ ಫೋನ್ ಮಾಡಿ. ಹಸಿ ರಕ್ತ ಬಂದರೆ, ಹೆಪ್ಪುಗಟ್ಟಿದ ರಕ್ತ ಬಂದರೆ, ಕಾಯುವುದು ಬೇಡ. ಎದ್ದು ಕೂತು, ರಕ್ತ ನುಂಗದೆ ಉಗುಳುತ್ತಾ, ಕೂಡಲೇ ಹೊರಡಬೇಕು. ಕರ್ನಾಟಕದಲ್ಲಿದ್ದರೆ 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಉಸಿರಾಡಲು ಕಷ್ಟವಾದರೂ ಇದೇ ಮಾತು.

ಮಲಗುವಾಗ ಬೆನ್ನಿನ ಕೆಳಗಿಂದಲೇ ದಿಂಬು ಪೇರಿಸಿ ತಲೆಯ ಭಾಗ ಎತ್ತರ ಮಾಡಿಕೊಂಡೆ. ಬರೀ ತಲೆಯ ಕೆಳಗೆ ಇಟ್ಟರೆ ಕತ್ತು ಬಾಗಿ ಉಸಿರಿಗೆ ತೊಂದರೆ. ಮೊದಲ ರಾತ್ರಿಗಳಲ್ಲಿ ಊತದಿಂದ ಗೊರಕೆ ಇದ್ದೇ ಇತ್ತು, ಹೆಂಡತಿ ಅದೇ ಕೋಣೆಯಲ್ಲಿ ಮಲಗಿದ್ದಳು. ಸಿಪ್ಯಾಪ್ ಬಳಸುತ್ತಿದ್ದವರು ಅದನ್ನು ಯಾವಾಗ ಮತ್ತೆ ಹಾಕಿಕೊಳ್ಳಬೇಕೆಂದು ಡಾಕ್ಟರನ್ನು ಕೇಳಿಯೇ ಮನೆಗೆ ಬರಬೇಕು.

ಹೊಲಿಗೆ ತಾನಾಗಿ ಕರಗಿಹೋಯಿತು. ಗೊರಕೆ ನಿಂತಿತು ಅಂತ ಮನೆಯವರೆಲ್ಲ ಖುಷಿಪಟ್ಟರು. ಆದರೆ ಗೊರಕೆ ನಿಂತರೆ ಅಪ್ನಿಯಾ ಹೋಯಿತು ಅಂತಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟವನ್ನು ಅಳೆಯುವ ಪರೀಕ್ಷೆ, ಮಾಡಿಸಿದೆ. ಗಂಟೆಗೆ ಎಷ್ಟು ಸಲ ಉಸಿರು ತಡೆಯುತ್ತದೆ ಅನ್ನುವ ಲೆಕ್ಕ ಮೊದಲು 30 ದಾಟಿತ್ತು, ಅಂದರೆ ತೀವ್ರ. ಈಗ 5ರಿಂದ 15ರ ನಡುವೆ ಬಂದಿದೆ, ಅಂದರೆ ಸೌಮ್ಯ. ಉಳಿದದ್ದಕ್ಕೆ ಪಕ್ಕಕ್ಕೆ ತಿರುಗಿ ಮಲಗುವುದು, ತೂಕ ಮತ್ತೆ ಏರದಂತೆ ನೋಡಿಕೊಳ್ಳುವುದು ನಡೆದಿದೆ. ಮುಂದಿನ ಸ್ಟಡಿಗೂ ಡಾಕ್ಟರ್ ಬರಹೇಳಿದ್ದಾರೆ.