ಮರದ ಗೋಡೆ ಫೋನ್: ಕೊಳ್ಳುವ ಮುಂಚೆ ಬಾಗಿಲು ತೆರೆದು ನೋಡಿ

ಅಮೆರಿಕದ ಹಳೆ ಓಕ್ ಮರದ ಗೋಡೆ ಫೋನಿನ ವಯಸ್ಸು ಹೊರಗಿನಿಂದಷ್ಟೇ ನೋಡಿದರೆ ಸರಿಯಾಗಿ ಗೊತ್ತಾಗುವುದಿಲ್ಲ. ಪೆಟ್ಟಿಗೆಯ ಬಾಗಿಲು ತೆರೆಯಿರಿ. ಒಳಬದಿಗೆ ವೈರಿಂಗ್ ನಕ್ಷೆಯ ಕಾಗದವೋ ಮಾದರಿ ಸಂಖ್ಯೆಯ ಮುದ್ರೆಯೋ ಇದ್ದರೆ ಅರ್ಧ ಕೆಲಸ ಮುಗಿಯಿತು. ಉದಾಹರಣೆಗೆ, 317 ಎಂಬುದು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಒಂಟಿ ಪೆಟ್ಟಿಗೆಯ ಫೋನು. ಆ ಕಾಗದ ಎಷ್ಟೇ ಕೊಳಕಾಗಿದ್ದರೂ ಒದ್ದೆ ಬಟ್ಟೆ ತಾಗಿಸಬೇಡಿ. ಒಂದೇ ಹಲಗೆಯ ಮೇಲೆ ಎರಡು ಮೂರು ಪೆಟ್ಟಿಗೆ ಕೂರಿಸಿದ್ದರೆ ವಿನ್ಯಾಸ ಸಾಮಾನ್ಯವಾಗಿ ಇನ್ನೂ ಹಳೆಯದು.

ಟ್ರಾನ್ಸ್‌ಮಿಟರ್ (ಮಾತಾಡುವ ಭಾಗ) ಮೇಲೆ 1892 ಎಂದಿದೆ, ಆದ್ದರಿಂದ ಫೋನೂ 1892ರದು ಎನ್ನುವ ವ್ಯಾಪಾರಿಯನ್ನು ನಂಬಬೇಡಿ. ಅದು ಪೇಟೆಂಟಿನ ವರ್ಷ. ಹಲವು ತಾರೀಖುಗಳಿದ್ದರೆ ಕೊನೆಯದನ್ನು ಹಿಡಿಯಿರಿ. ಅದಕ್ಕಿಂತ ಮುಂಚೆ ಆ ಭಾಗ ತಯಾರಾಗಿರಲಾರದು. ಈ ಲೆಕ್ಕವೂ ಆ ಒಂದು ಭಾಗಕ್ಕಷ್ಟೆ. ರಿಪೇರಿಗೆ ಬಂದಾಗ ಒಂದು ಫೋನಿನ ರಿಸೀವರ್ (ಕಿವಿಗಿಡುವ ಭಾಗ) ಇನ್ನೊಂದಕ್ಕೆ ಹೋಗುವುದು ಮಾಮೂಲಿಯಾಗಿತ್ತು. ಮರದ ಮೇಲೆ ಬಣ್ಣ ಬೇರೆಯಾಗಿ ಉಳಿದ ಗುರುತು, ಉಪಯೋಗವಿಲ್ಲದ ಸ್ಕ್ರೂ ತೂತು ಕಂಡರೆ ಅಲ್ಲಿದ್ದ ಭಾಗ ಬದಲಾಗಿದೆ. ನಕ್ಷತ್ರದ ಬಾಯಿಯ ಫಿಲಿಪ್ಸ್ ಸ್ಕ್ರೂ ಬಂದದ್ದು 1930ರ ದಶಕದಲ್ಲಿ. ಅದೂ ಪ್ಲೈವುಡ್ ಹಿಂಬದಿಯೂ ಒಟ್ಟಿಗೆ ಕಂಡರೆ ಬಹುಪಾಲು ನಕಲು, ಇಲ್ಲವೇ ಫೋನಿನ ವೇಷದ ರೇಡಿಯೊ.

ಬೆಲೆ ನಿಲ್ಲುವುದು ಮ್ಯಾಗ್ನೆಟೊ ಮೇಲೆ, ಅಂದರೆ ಹಿಡಿ ತಿರುಗಿಸಿದರೆ ಗಂಟೆ ಬಾರಿಸುವ ವಿದ್ಯುತ್ತು ಹುಟ್ಟಿಸುವ ಭಾಗದ ಮೇಲೆ. ಲಾಳದಾಕಾರದ ಅಯಸ್ಕಾಂತಗಳನ್ನು ಎಣಿಸಿ. ಸಾಮಾನ್ಯವಾಗಿ ಮೂರು, ನಾಲ್ಕು ಅಥವಾ ಐದು ಇರುತ್ತವೆ. ಹೆಚ್ಚು ಮನೆಗಳು ಹಂಚಿಕೊಂಡ ಉದ್ದನೆಯ ಹಳ್ಳಿ ಲೈನಿಗೆ ಐದು. ಮ್ಯಾಗ್ನೆಟೊದ ವೈರುಗಳನ್ನು ಕಳಚಿ, ಅದರ ಎರಡು ತುದಿಗಳನ್ನು ಒಂದು ತಂತಿಯಿಂದ ಒಂದಕ್ಕೊಂದು ಕೂಡಿಸಿ ಹಿಡಿ ತಿರುಗಿಸಿ. ಹಿಡಿ ಒಮ್ಮೆಲೇ ಭಾರವಾಗಬೇಕು. ಹಗುರವಾಗಿಯೇ ತಿರುಗಿದರೆ ಸುರುಳಿ ಕಡಿದಿದೆ, ಇಲ್ಲವೇ ಹಿಡಿಯ ಸ್ವಿಚ್ಚಿನ ಎಲೆಸ್ಪ್ರಿಂಗ್ ತಾಗುತ್ತಿಲ್ಲ. ಆ ಎಲೆಯನ್ನು ಮೊದಲು ನೋಡಿ. ಎಷ್ಟೋ ಸಲ ಕಿಲುಬು ಒರೆಸಿದರೆ ಸಾಕು. ತಿರುಗಿಸುವಾಗ ಬರಿಗೈಯಲ್ಲಿ ತುದಿ ಮುಟ್ಟಬೇಡಿ, 75 ವೋಲ್ಟಿಗೂ ಮೇಲಿನ ಹೊಡೆತ ಬೀಳುತ್ತದೆ.

ಗಂಟೆಯ ಸುರುಳಿಗಳನ್ನು ಅಳೆಯುವ ಮುಂಚೆ ಅದರ ಒಂದು ವೈರ್ ಬಿಡಿಸಿಕೊಳ್ಳಿ. ಸುಮಾರು 80 ಓಮ್ ಬಂದರೆ ಹಳೆ ಸರಣಿ ಜೋಡಣೆಯದು (ಲೈನಿನ ಫೋನುಗಳು ಒಂದರ ಹಿಂದೊಂದು). 1000, 1600 ಅಥವಾ 2500 ಬಂದರೆ ಅಡ್ಡಜೋಡಣೆಯದು (ಪ್ರತಿ ಫೋನೂ ಲೈನಿನ ಎರಡು ತಂತಿಗಳ ನಡುವೆ). ಮೀಟರು ಏನನ್ನೂ ತೋರಿಸದಿದ್ದರೆ ತಂತಿ ತುಂಡಾಗಿದೆ.

ರಿಸೀವರಿನ ಮುಚ್ಚಳ ಬಿಚ್ಚಿದಾಗ ಒಳಗಿನ ತಗಡನ್ನು ಮೇಲಕ್ಕೆ ಎತ್ತಬೇಡಿ; ಅಯಸ್ಕಾಂತ ಎಳೆದು ಬಾಗುತ್ತದೆ. ಪಕ್ಕಕ್ಕೆ ಸರಿಸಿ ತೆಗೆಯಿರಿ. ಮಾತು ಕ್ಷೀಣವಾಗಿದ್ದರೆ ಟ್ರಾನ್ಸ್‌ಮಿಟರಿನ ಇದ್ದಿಲ ಹರಳುಗಳು ಒಂದಕ್ಕೊಂದು ಅಂಟಿಕೊಂಡಿರಬಹುದು, ಮೆಲ್ಲಗೆ ತಟ್ಟಿ ನೋಡಿ. ಮಾತಿನ ವಿದ್ಯುತ್ತಿಗೆ 1.5 ವೋಲ್ಟಿನ ಎರಡು ಸೆಲ್ ಸಾಕು.

ರಿಸೀವರಿನ ಕರಿ ರಬ್ಬರಿನ ಚಿಪ್ಪು ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ; ಬಿಸಿನೀರಲ್ಲಿ ತೊಳೆದರೆ ಇನ್ನೂ ಕೆಡುತ್ತದೆ. ಮರಕ್ಕೆ ಉಪ್ಪುಕಾಗದ ಹಾಕಬೇಡಿ, ಸ್ಪಿರಿಟ್‌ ಕೂಡ ಬೇಡ, ಅರಗಿನ ಪಾಲಿಶ್ ಕರಗಿಬಿಡುತ್ತದೆ. ಗಂಟೆ, ಟ್ರಾನ್ಸ್‌ಮಿಟರ್ ಎಲ್ಲ ಫಳಫಳ ಹಿತ್ತಾಳೆಯಾಗಿದ್ದರೆ ಹಿಗ್ಗಬೇಡಿ: ಇವುಗಳಲ್ಲಿ ಬಹಳಷ್ಟಕ್ಕೆ ಮೂಲದಲ್ಲಿ ನಿಕ್ಕಲ್ ಲೇಪವಿತ್ತು, ಯಾರೋ ಉಜ್ಜಿ ಕಿತ್ತಿದ್ದಾರೆ.